ಹಿಂಗಾರಿ ಜೋಳ ಇಬ್ಬನಿ ಕುಡಿದೇ ಬೆಳೆಯುತ್ತದೆಯೇ?

ಪ್ರಶ್ನೆ: ವಿಜಯಪುರ ಜಿಲ್ಲೆಯ ನಮ್ಮ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಬಿತ್ತಿದ ಮೇಲೆ ಮಳೆ ಕೈಕೊಟ್ಟರೂ ಬಿಳಿಜೋಳ ತೆನೆ ಹಿಡಿಯುತ್ತದೆ, ಪಕ್ಕದ ಗೋವಿನಜೋಳ (ಮೆಕ್ಕೆಜೋಳ) ಒಣಗುತ್ತದೆ. ಜೋಳ ಇಬ್ಬನಿಯ ಮೇಲೆಯೇ ಬೆಳೆಯುತ್ತದೆ ಎಂದು ಹಿರಿಯರು ಹೇಳುವುದು ನಿಜವೇ?

ಉತ್ತರ: ಇಬ್ಬನಿಯ ಪಾಲು ಇದೆ, ಆದರೆ ಅದು ಚಿಕ್ಕದು. ಒಂದು ರಾತ್ರಿಯ ಇಬ್ಬನಿ ಸಾಮಾನ್ಯವಾಗಿ ಅರ್ಧ ಮಿಲಿಮೀಟರನ್ನೂ ಮುಟ್ಟುವುದಿಲ್ಲ; ಬೆಳೆದು ನಿಂತ ಜೋಳಕ್ಕಾದರೋ ದಿನಕ್ಕೆ ಹಲವು ಮಿಲಿಮೀಟರ್ ನೀರು ಬೇಕು. ಎಲೆಯ ಮೇಲಿನ ತೇವ ಆರುವ ತನಕ ಗಿಡದೊಳಗಿನ ನೀರು ಉಳಿಯುತ್ತದೆ, ಅಷ್ಟೇ ಅದರ ಉಪಕಾರ. ಎರೆಗೂ, ಮಣ್ಣು ತೆಳುವಾದ ಮಡ್ಡಿ ಹೊಲಕ್ಕೂ ಇಬ್ಬನಿ ಒಂದೇ ಸಮ ಬಿದ್ದರೂ ಮಡ್ಡಿಯ ಜೋಳ ಬೇಗ ಸೊರಗುವುದನ್ನು ನೀವೇ ನೋಡಿರುತ್ತೀರಿ.

ನಿಜವಾದ ದಾಸ್ತಾನು ನೆಲದೊಳಗಿದೆ. ಒಂದು ಮೀಟರ್ ಆಳದ ಎರೆಮಣ್ಣು ಸುಮಾರು 150ರಿಂದ 200 ಮಿಲಿಮೀಟರ್ ಮಳೆಗೆ ಸಮನಾದ ನೀರನ್ನು ಬೇರಿಗೆ ಸಿಗುವಂತೆ ಹಿಡಿದಿಡಬಲ್ಲದು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದ ಜೋಳ, ಮೇಲ್ಮಣ್ಣು ಆರುತ್ತ ಬಂದಂತೆ, ಒಂದು ಮೀಟರಿಗಿಂತಲೂ ಕೆಳಗೆ ಬೇರಿಳಿಸಿ ಆ ನೀರನ್ನು ಮುಟ್ಟುತ್ತದೆ.

ಸಿಕ್ಕ ನೀರನ್ನು ಅದು ಜಿಪುಣತನದಿಂದ ಖರ್ಚು ಮಾಡುತ್ತದೆ. ದಂಟಿಗೆ ಅಪ್ಪಿದ ಎಲೆಯ ಬುಡವನ್ನು ಬೆರಳಿನಿಂದ ಉಜ್ಜಿದರೆ ಬೂದಿಯಂಥ ಬಿಳಿ ಪುಡಿ ಅಂಟುತ್ತದೆ. ಅದು ಆವಿಯನ್ನು ತಡೆಯುವ ಮೇಣ. ನಡುಮಧ್ಯಾಹ್ನ ಎಲೆಗಳು ಕೊಳವೆಯಂತೆ ಸುರುಳಿಯಾಗಿ, ಸಂಜೆ ಬಿಸಿಲಿಳಿದ ಮೇಲೆ ಮತ್ತೆ ಬಿಚ್ಚಿಕೊಳ್ಳುವುದೂ ಇದೇ ಲೆಕ್ಕದ್ದು: ಎಲೆಯ ಮೇಲ್ಮೈಯಲ್ಲಿರುವ ದೊಡ್ಡ ಕೋಶಗಳು ನೀರು ಕಳೆದುಕೊಂಡು ಕುಗ್ಗಿದಾಗ ಎಲೆ ಮಡಚಿ, ಬಿಸಿಲಿಗೆ ಒಡ್ಡಿದ ಮೈ ಕಡಿಮೆಯಾಗುತ್ತದೆ. ಇದನ್ನು ರೋಗವೆಂದು ತಿಳಿದು ಔಷಧಿ ಹೊಡೆಯುವವರಿದ್ದಾರೆ, ದುಡ್ಡು ದಂಡ.

ಗೋವಿನಜೋಳ ಸೋಲುವುದು ಮುಖ್ಯವಾಗಿ ಹೂವಿನ ಹೊತ್ತಿನಲ್ಲಿ. ಅದರ ಗಂಡು ಹೂ ನೆತ್ತಿಯಲ್ಲಿ, ಹೆಣ್ಣು ಹೂ ದಂಟಿನ ನಡುವೆ; ತೇವ ಸಾಲದಾದಾಗ ತೆನೆಯ ಕೂದಲು ತಡವಾಗಿ ಹೊರಬರುತ್ತದೆ, ಅಷ್ಟರಲ್ಲಿ ಪರಾಗ ಉದುರಿ ಮುಗಿದಿರುತ್ತದೆ. ಜೋಳದ ಒಂದೇ ಹೂವಿನಲ್ಲಿ ಎರಡೂ ಇರುವುದರಿಂದ ಅದಕ್ಕೆ ಈ ತಾಪತ್ರಯವಿಲ್ಲ.

ಹಾಗೆಂದು ಜೋಳಕ್ಕೂ ಕಷ್ಟವಿಲ್ಲವೆಂದಲ್ಲ. ನೆರೆಯ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದು ತೆಗೆದ, ನಮ್ಮವರು ಇಂದಿಗೂ ಬಿಡದ ಮಾಲದಂಡಿ ತಳಿಯೇ ಆಗಲಿ, ಕಾಳು ತುಂಬುವಾಗ ನೀರು ಮುಗಿದರೆ ದಂಟಿನ ಸತ್ವವನ್ನು ತೆನೆಗೆ ಸಾಗಿಸುತ್ತದೆ. ಬಡವಾದ ದಂಟಿಗೆ ಮಣ್ಣಿನಲ್ಲಿರುವ ಶಿಲೀಂಧ್ರ ಹೊಕ್ಕು, ಒಳಗೆಲ್ಲ ಇದ್ದಿಲಿನಂತೆ ಕಪ್ಪಾಗಿ, ಬೆಳೆ ನೆಲಕ್ಕೊರಗುತ್ತದೆ. ಆದ್ದರಿಂದ ಎರೆ ಬಿರುಕು ಬಿಡಲು ಶುರುವಾದೊಡನೆ ಎಡೆ ಹೊಡೆದು (ಸಾಲುಗಳ ನಡುವಿನ ಮೇಲ್ಮಣ್ಣು ಸಡಿಲಿಸಿ) ಬಿರುಕು ಮುಚ್ಚಬೇಕು. ತೆರೆದ ಬಿರುಕಿನಿಂದ ಆಳದ ತೇವವೂ ಆವಿಯಾಗಿ ಹೋಗುತ್ತದೆ.