ದೂರು ಹೇಳಿದ ಸೆನ್ಸರನ್ನೇ ಕಿತ್ತರೆ ಹೇಗೆ?

ಹೋದ ತಿಂಗಳು ನಮ್ಮ ಗ್ಯಾರೇಜಿಗೆ 2004ರ ಮಾರುತಿ ಝೆನ್ ಕಾರು ಬಂತು. ಲೀಟರಿಗೆ 14 ಕಿ.ಮೀ. ಕೊಡುತ್ತಿದ್ದ ಗಾಡಿ 9ಕ್ಕೆ ಇಳಿದಿತ್ತು. ಸಿಗ್ನಲ್‌ನಲ್ಲಿ ನಿಂತರೆ ಸಾಕು, ಪೆಟ್ರೋಲ್ ವಾಸನೆ. ಮೊದಲು ನೋಡಿದ ಗ್ಯಾರೇಜಿನವರು ಸ್ಕ್ಯಾನರ್ ಹಾಕಿದ್ದರು. ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಎಂದು, ಇಂಜಿನ್ ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ತೋರಿಸಿತು. ಸರಿ, ಅದನ್ನೇ ಕಿತ್ತು ಹೊಸದು ಹಾಕಿದರು. ದುಡ್ಡು ಹೋಯಿತು, ವಾಸನೆ ಹೋಗಲಿಲ್ಲ. ಪಾಪ, ಆ ಸೆನ್ಸರ್ ಇದ್ದದ್ದನ್ನು ಇದ್ದ ಹಾಗೇ ಹೇಳಿತ್ತು ಅಲ್ವಾ?

ನಾನು ಮೊದಲು ಪ್ಲಗ್ ಬಿಚ್ಚಿದೆ. ನಾಲ್ಕಕ್ಕೂ ಒಣ ಮಸಿ, ಸೌದೆ ಒಲೆಯ ಪಾತ್ರೆಯ ತಳದ ಹಾಗೆ. ಒಂದೇ ಕಪ್ಪಾಗಿದ್ದರೆ ಆ ಪ್ಲಗ್ಗನ್ನೋ ಅದರ ವೈರನ್ನೋ ಅನುಮಾನಿಸುತ್ತಿದ್ದೆ. ಏರ್ ಫಿಲ್ಟರ್ ಪರವಾಗಿರಲಿಲ್ಲ. ಆಮೇಲೆ ಕೈ ಹೋದದ್ದು ಇಂಜಿನ್ ಎಷ್ಟು ಬಿಸಿಯಾಗಿದೆ ಎಂದು ಹೇಳುವ ಕೂಲಂಟ್ ಟೆಂಪರೇಚರ್ ಸೆನ್ಸರಿಗೆ. ಬಿಚ್ಚಿ, ಸ್ಟೀಲ್ ಲೋಟದ ಬಿಸಿನೀರಲ್ಲಿ ಅದ್ದಿ ಮಲ್ಟಿಮೀಟರ್ ಹಿಡಿದೆ. ಇಂಥ ಸೆನ್ಸರುಗಳು ತಣ್ಣಗಿದ್ದಾಗ ಸುಮಾರು 2,500 ಓಮ್ ವಿದ್ಯುತ್ ತಡೆ ತೋರಿಸುತ್ತವೆ, 80 ಡಿಗ್ರಿಯಲ್ಲಿ 300ರ ಆಸುಪಾಸಿಗೆ ಇಳಿಯಬೇಕು. ಇದು 2,000 ಬಿಟ್ಟು ಕದಲಲಿಲ್ಲ. ಅಂದರೆ ಇಂಜಿನ್ ಕಾದು ಕೂತಿದ್ದರೂ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿನ ಲೆಕ್ಕದಲ್ಲಿ ಅದಿನ್ನೂ ಬೆಳಗಿನ ತಣ್ಣನೆ ಇಂಜಿನ್. ಹಳೆ ಕಾರ್ಬ್ಯುರೇಟರ್ ಗಾಡಿಯಲ್ಲಿ ಚೋಕ್ ಎಳೆದು ಮರೆತ ಹಾಗೆ, ದಿನವಿಡೀ ಪೆಟ್ರೋಲ್ ಸುರಿಯುತ್ತಿತ್ತು. ಸೆನ್ಸರ್ ಬದಲಿಸಿ ಹೊಸ ಪ್ಲಗ್ ಹಾಕಿದೆ. ವಾಸನೆ ನಿಂತಿತು.

ಇನ್ನೊಂದು ನಮ್ಮೂರಿನದೇ ತಕರಾರು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಅದಕ್ಕೆ ಇಲ್ಲಿ ಗಾಳಿಯ ಒತ್ತಡ ಕಡಿಮೆ. ಇಂಜಿನ್ ಆಫ್ ಮಾಡಿ ಬರೀ ಕೀ ಆನ್ ಮಾಡಿದರೆ, ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇಲ್ಲಿ ಸುಮಾರು 91 ಕಿಲೋಪ್ಯಾಸ್ಕಲ್ ತೋರಿಸುತ್ತದೆ, ಮಂಗಳೂರಲ್ಲಾದರೆ 101. ಪುಸ್ತಕದಲ್ಲಿ 101 ನೋಡಿದ ಹುಡುಗರು ಒಳ್ಳೆಯ ಸೆನ್ಸರನ್ನು ಸುಮ್ನೆ ಬಿಸಾಕಿದ್ದನ್ನು ನೋಡಿದ್ದೇನೆ. ಅದಕ್ಕೆ ಹೋಗುವ ರಬ್ಬರ್ ಪೈಪ್ ಸೀಳಿದೆಯಾ, ಅರ್ಥ್ ವೈರ್ ತುಕ್ಕು ಹಿಡಿದಿದೆಯಾ, ಮೊದಲು ಅದನ್ನು ನೋಡಿ. ಪೈಪಿಗೆ ಎಷ್ಟು ಮಹಾ ಖರ್ಚು?

ಬದಲಿಸಲೇಬೇಕು ಅಂತಾದರೆ ಬೆಂಗಳೂರಿನಲ್ಲಿ ಗಾಡಿ ಬಿಡಿಭಾಗ ಮಾರುವ ಜೆ.ಸಿ. ರಸ್ತೆಗೆ ಹಳೇ ಸೆನ್ಸರನ್ನು ಕೈಯಲ್ಲೇ ಹಿಡಿದು ಹೋಗಿ. ಕನೆಕ್ಟರ್ ಕೂತಿತು ಅಂತ ತಂದುಬಿಡಬೇಡಿ, ಪಾರ್ಟ್ ನಂಬರ್ ತಾಳೆ ನೋಡಿ. ಒಂದೇ ಕನೆಕ್ಟರಿನಲ್ಲಿ ಬೇರೆ ಬೇರೆ ಓಮ್ ಇರುವ ಸೆನ್ಸರುಗಳೂ ಸಿಗುತ್ತವೆ.