ಎದೆಹಾಲೇ ಪೂರ್ಣಾಹಾರವಾದರೆ ವಿಟಮಿನ್ ಡಿ ಹನಿ ಏಕೆ?

ಪ್ರಶ್ನೆ: ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ನೀರೂ ಬೇಡ ಎನ್ನುವ ವೈದ್ಯರೇ ಮಗುವಿಗೆ ವಿಟಮಿನ್ ಡಿ ಹನಿ ಬರೆದುಕೊಟ್ಟಿದ್ದಾರೆ. ನನ್ನ ಹಾಲಿನಲ್ಲಿ ಸತ್ವ ಕಡಿಮೆಯೇ?

ಉತ್ತರ: ಖಂಡಿತ ಅಲ್ಲ, ತಾಯಿ. ಹಾಲುಣಿಸುವುದನ್ನು ಒಂದು ಹೊತ್ತೂ ತಪ್ಪಿಸಬೇಡಿ.

ಮಗುವಿಗೆ ದಿನಕ್ಕೆ 400 ಯೂನಿಟ್ ವಿಟಮಿನ್ ಡಿ ಬೇಕು. ಒಂದು ಲೀಟರ್ ಎದೆಹಾಲಿನಲ್ಲಿ ಇರುವುದು ಸಾಮಾನ್ಯವಾಗಿ 80 ಯೂನಿಟ್‌ಗಿಂತ ಕಡಿಮೆ. ಏಕೆಂದರೆ ಈ ವಿಟಮಿನ್ ಮುಖ್ಯವಾಗಿ ತಯಾರಾಗುವುದು ಚರ್ಮದ ಮೇಲೆ ಬಿಸಿಲು ಬಿದ್ದಾಗ. ಮರಿಯನ್ನು ಹೊಟ್ಟೆಗೆ ಅವಚಿಕೊಂಡು ಓಡಾಡುವ ಕೋತಿ ಹಗಲೆಲ್ಲ ಬಯಲಿನಲ್ಲೇ ಇರುತ್ತದೆ. ನಮ್ಮ ಬಾಣಂತಿಯೋ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿರುತ್ತಾಳೆ. ಅವಳ ರಕ್ತದಲ್ಲೇ ಇಲ್ಲದ್ದು ಹಾಲಿಗೆ ಎಲ್ಲಿಂದ ಇಳಿಯಬೇಕು? 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ತಾಯಂದಿರಿಗೇ ದಿನಕ್ಕೆ 6,400 ಯೂನಿಟ್ ಕೊಟ್ಟಾಗ, ಹನಿಯಿಲ್ಲದೆಯೂ ಮಕ್ಕಳಿಗೆ ಸಾಕಷ್ಟು ಡಿ ಸಿಕ್ಕಿತು. (ವೈದ್ಯರನ್ನು ಕೇಳದೆ ಇಷ್ಟು ದೊಡ್ಡ ಪ್ರಮಾಣ ತೆಗೆದುಕೊಳ್ಳಬೇಡಿ.)

ವಿಟಮಿನ್ ಸಿ ಕತೆ ಬೇರೆ. ಕರು ತನಗೆ ಬೇಕಾದ ಸಿಯನ್ನು ತನ್ನ ಯಕೃತ್ತಿನಲ್ಲೇ ತಯಾರಿಸಿಕೊಳ್ಳುತ್ತದೆ. ಕೋತಿಗಳ ದೂರದ ನೆಂಟನಾದ ನಮ್ಮ ಕಾಡುಪಾಪದ (ಲೋರಿಸ್) ಬಳಗಕ್ಕೂ ಆ ಶಕ್ತಿ ಉಳಿದಿದೆ. ಕೋತಿ, ಚಿಂಪಾಂಜಿ, ಮನುಷ್ಯರಲ್ಲಿ ಅದಕ್ಕೆ ಬೇಕಾದ ಜೀನ್ ಕೋಟ್ಯಂತರ ವರ್ಷಗಳ ಹಿಂದೆಯೇ ಕೆಟ್ಟುಹೋಗಿದೆ. ಹಾಗಾಗಿ ಹಾಲು ಕುಡಿಯುವ ಕೂಸಿಗೆ ತಾಯಿಯೇ ಅದನ್ನು ಒದಗಿಸಬೇಕು, ಒದಗಿಸುತ್ತಾಳೆ ಕೂಡ: ಹಸುವಿನ ಹಾಲಿಗಿಂತ ಎದೆಹಾಲಿನಲ್ಲಿ ಸಿ ಹೆಚ್ಚು. ಮೊದಲ ದಿನಗಳ ಹಳದಿ ಹಾಲಿನಲ್ಲಿ ವಿಟಮಿನ್ ಎ ಕೂಡ ತುಂಬಿರುತ್ತದೆ. ಅದನ್ನು ಹಿಂಡಿ ಚೆಲ್ಲುವವರನ್ನು ಮನೆಯವರು ತಡೆಯಲೇಬೇಕು. ವಿಟಮಿನ್ ಕೆ ಮಾತ್ರ ಎದೆಹಾಲಿನಲ್ಲಿ ತೀರಾ ಅಲ್ಪ. ಹುಟ್ಟಿದೊಡನೆ ಆಸ್ಪತ್ರೆಯಲ್ಲಿ ಕೊಡುವ ಚುಚ್ಚುಮದ್ದು ಅದಕ್ಕಾಗಿಯೇ.

ನನಗೆ ಹೆಚ್ಚು ಆತಂಕ ಇರುವುದು ಬಿ12 ಬಗ್ಗೆ. ಸೊಪ್ಪು, ಕಾಳುಗಳಲ್ಲಿ ಅದು ಸಿಗುವುದಿಲ್ಲ. ಮಾಂಸ, ಮೊಟ್ಟೆ ತಿನ್ನದ ತಾಯಿ ಬಾಣಂತನದ ಪಥ್ಯವೆಂದು ಹಾಲು, ಮೊಸರನ್ನೂ ಬಿಟ್ಟರೆ ಕೊರತೆ ಹಾಲಿನ ಮೂಲಕ ಮಗುವಿಗೂ ಇಳಿಯುತ್ತದೆ. ನಗುತ್ತಿದ್ದ ಕೂಸು ಮಂಕಾಗುತ್ತದೆ, ಬೆರಳ ಗೆಣ್ಣುಗಳು ಕಪ್ಪಾಗುತ್ತವೆ, ಕೆಲವೊಮ್ಮೆ ಕೈಕಾಲು ನಡುಗುತ್ತವೆ. ಹೀಗಾದರೆ ಮಕ್ಕಳ ವೈದ್ಯರಲ್ಲಿಗೆ ಅಂದೇ ಹೋಗಿ. ನೀವು ಸಸ್ಯಾಹಾರಿಯಾಗಿದ್ದರೆ ನಿಮ್ಮ ಬಿ12 ಪರೀಕ್ಷೆಯನ್ನು ಈಗಲೇ ಮಾಡಿಸಿ.

ಇನ್ನು ಡಿ ಹನಿ: ಒಂದು ಮಿಲಿಲೀಟರಿನಲ್ಲಿ 400 ಯೂನಿಟ್ ಇರುವ ಬಾಟಲಿಯೂ ಸಿಗುತ್ತದೆ, 800 ಇರುವುದೂ ಸಿಗುತ್ತದೆ. ಬಾಟಲಿಯ ಮೇಲಿನ ಚೀಟಿ ಓದಿ, ಅದರ ಜೊತೆ ಬಂದ ಡ್ರಾಪರಿನಲ್ಲೇ ಅಳೆದು ಹಾಕಿ. ಮಗುವಿಗೆ ವರ್ಷ ತುಂಬುವವರೆಗೆ ನಿಲ್ಲಿಸಬೇಡಿ.