ಅಮ್ಮನ ಮಂಡಿ ನೋವು, ನನ್ನ ಬೆರಳು ನೋವು: ಎರಡೂ ಒಂದೇ ಕಾಯಿಲೆಯಾ?

ಪ್ರಶ್ನೆ: ನನಗೆ 34 ವರ್ಷ. ಎರಡು ತಿಂಗಳಿಂದ ಎರಡೂ ಕೈಯ ಬೆರಳ ಬುಡದ ಮತ್ತು ನಡುವಿನ ಗಿಣ್ಣುಗಳು, ಮಣಿಕಟ್ಟು ನೋಯುತ್ತಿವೆ. ಬೆಳಿಗ್ಗೆ ಎದ್ದಾಗ ಮುಷ್ಟಿ ಹಿಡಿಯಲು ಆಗುವುದಿಲ್ಲ, ಒಂಬತ್ತು ಗಂಟೆ ಹೊತ್ತಿಗೆ ಸ್ವಲ್ಪ ಸಡಿಲ ಆಗುತ್ತದೆ. ಅಮ್ಮನಿಗೆ 66, ಅವರಿಗೆ ಮಂಡಿ ಸವೆತ. ನಾನು ರಕ್ತ ಪರೀಕ್ಷೆ ಮಾಡಿಸಿದೆ, ರುಮಟಾಯ್ಡ್ ಎಂಬ ಕೀಲು ವಾತ ಪತ್ತೆಗೆ ನೋಡುವ ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂತು. ಹಾಗಾದರೆ ನನ್ನದೂ ಅಮ್ಮನ ಥರದ್ದೇ ಅಲ್ವಾ? ಅವರ ನೋವಿನ ಮಾತ್ರೆಯನ್ನೇ ತೆಗೆದುಕೊಂಡರೆ ಸಾಕಾ?

ಉತ್ತರ: ಸಾಕಾಗುವುದಿಲ್ಲ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮದು ಬೇರೆಯದೇ ಇರುವ ಸಾಧ್ಯತೆ ಜಾಸ್ತಿ. ದಯವಿಟ್ಟು ತಡ ಮಾಡದೆ ಕೀಲು ವಾತದ ತಜ್ಞರಿಗೆ, ಅಂದರೆ ರುಮಟಾಲಜಿಸ್ಟ್‌ಗೆ ತೋರಿಸಿ.

ಆರ್ಥ್ರೈಟಿಸ್, ಅಂದರೆ ಕೀಲು ನೋವಿನ ಕಾಯಿಲೆಯಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಯಾವ ಕೀಲು, ಯಾವ ಹೊತ್ತಿನಲ್ಲಿ, ಎಷ್ಟು ಹೊತ್ತು ನೋಯುತ್ತದೆ? ಈ ಮೂರನ್ನು ಗಮನಿಸಿದರೆ ಸಾಮಾನ್ಯವಾಗಿ ಕಾಣುವ ಬಗೆಗಳ ವ್ಯತ್ಯಾಸ ಅರ್ಧ ತಿಳಿಯುತ್ತದೆ.

ಅಮ್ಮನದು ಆಸ್ಟಿಯೋ ಆರ್ಥ್ರೈಟಿಸ್. ಮೂಳೆಯ ತುದಿಗಳ ಮೇಲಿರುವ ಮೆದು ಎಲುಬಿನ ಪದರ ವರ್ಷಗಟ್ಟಲೆ ಸವೆದು ಬರುವ ನೋವು ಇದು. ಮಂಡಿ, ಸೊಂಟದ ಕೀಲು, ಹೆಬ್ಬೆರಳಿನ ಬುಡ, ಬೆರಳ ತುದಿಯ ಗಿಣ್ಣು ಇದರ ಜಾಗಗಳು. ಕೆಲಸ ಮಾಡಿದಷ್ಟೂ ನೋವು ಏರುತ್ತದೆ, ಕೂತರೆ ಇಳಿಯುತ್ತದೆ. ಬೆಳಿಗ್ಗೆ ಬಿಗಿತ ಇದ್ದರೂ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಇದಕ್ಕೆ ಮಾತ್ರೆಗಿಂತ ತೊಡೆಯ ಮುಂಭಾಗದ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಮುಖ್ಯ. ಕುರ್ಚಿಯ ಮೇಲೆ ಕೂತು ಒಂದೊಂದೇ ಕಾಲನ್ನು ನೇರ ಚಾಚಿ, ಐದು ಎಣಿಸಿ ಇಳಿಸಲು ಅಮ್ಮನಿಗೆ ಹೇಳಿ. ತೂಕ ಜಾಸ್ತಿ ಇದ್ದರೆ ಇಳಿಸಬೇಕು. ಮೈತೂಕ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಕಡಿಮೆಯಾಗುತ್ತದೆ.

ಈಗ ನಿಮ್ಮ ವಿಷಯ. ಬೆರಳ ಬುಡದ ಮತ್ತು ನಡುವಿನ ಗಿಣ್ಣು, ಮಣಿಕಟ್ಟು, ಅದೂ ಎರಡೂ ಕೈಯಲ್ಲಿ. ಒಂದು ಗಂಟೆಗೂ ಮೀರಿದ ಬೆಳಗಿನ ಬಿಗಿತ. ಕೈ ಆಡಿಸುತ್ತಾ ಹೋದಂತೆ ಸಡಿಲ. ಇವೆಲ್ಲ ರುಮಟಾಯ್ಡ್ ಆರ್ಥ್ರೈಟಿಸ್ ಕಡೆ ಬೆರಳು ತೋರಿಸುತ್ತವೆ. ಇಲ್ಲಿ ಸವೆತ ಇಲ್ಲ. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿ ಬೀಳುತ್ತದೆ. ಪೊರೆ ಊದಿಕೊಂಡು ಮೆದು ಎಲುಬನ್ನೂ ಮೂಳೆಯನ್ನೂ ಕೊರೆಯುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು, ಮೂವತ್ತರ ವಯಸ್ಸಿನಲ್ಲೂ ಶುರುವಾಗುತ್ತದೆ.

ಮನೆಯಲ್ಲೇ ಒಂದಿಷ್ಟು ಗಮನಿಸಿ. ಕುಕ್ಕರ್ ಮುಚ್ಚಳ ತಿರುಗಿಸುವುದು, ಬಟ್ಟೆ ಹಿಂಡುವುದು, ರವಿಕೆ ಹುಕ್ಕು ಹಾಕುವುದು ಕಷ್ಟವಾಗಿದೆಯೇ? ಯಾರಾದರೂ ಜೋರಾಗಿ ಕೈ ಕುಲುಕಿದರೆ ಜೀವ ಹೋದಂತಾಗುತ್ತದೆಯೇ? ಗಿಣ್ಣುಗಳ ನಡುವಿನ ತಗ್ಗು ಊತದಿಂದ ತುಂಬಿಕೊಂಡಿದೆಯೇ? ಹೌದು ಅಂದರೆ ಇದನ್ನೆಲ್ಲ ಡಾಕ್ಟರಿಗೆ ಹೇಳಿ. ಜೊತೆಗೆ ಸುಸ್ತು, ಹಸಿವಿಲ್ಲದಿರುವುದು, ಸಣ್ಣ ಜ್ವರವೂ ಇರಬಹುದು.

ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂತು ಅಂತ ನಿರಾಳ ಆಗಬೇಡಿ. ಈ ಕಾಯಿಲೆ ಇರುವವರಲ್ಲೇ ನೂರಕ್ಕೆ ಸುಮಾರು 20ರಿಂದ 30 ಜನರಿಗೆ ಅದು ನೆಗೆಟಿವ್. ಕಾಯಿಲೆ ಇಲ್ಲದ ಕೆಲವರಲ್ಲಿ ಪಾಸಿಟಿವ್ ಬರುವುದೂ ಉಂಟು. ಆ ಒಂದು ಚೀಟಿ ನಂಬಿ ತಿಂಗಳುಗಟ್ಟಲೆ ಕಳೆದುಕೊಳ್ಳುವವರನ್ನು ಕಂಡರೆ ಸಂಕಟವಾಗುತ್ತದೆ. ಆ್ಯಂಟಿ ಸಿಸಿಪಿ, ಇಎಸ್‌ಆರ್, ಸಿಆರ್‌ಪಿ, ಈ ರಕ್ತ ಪರೀಕ್ಷೆಗಳು, ಬೇಕಾದರೆ ಕೀಲಿನ ಸ್ಕ್ಯಾನ್, ಎಲ್ಲಕ್ಕಿಂತ ಮೊದಲು ಕೈ ಮುಟ್ಟಿ ನೋಡುವ ಡಾಕ್ಟರು, ಇಷ್ಟೂ ಸೇರಿದರೆ ಮಾತ್ರ ತೀರ್ಮಾನ.

ಉಳಿದ ಬಗೆಗಳನ್ನೂ ಹೇಳಿಬಿಡುತ್ತೇನೆ, ಮನೆಯಲ್ಲಿ ಬೇರೆ ಯಾರಿಗಾದರೂ ಬೇಕಾಗಬಹುದು. ರಾತ್ರೋರಾತ್ರಿ ಕಾಲಿನ ಹೆಬ್ಬೆರಳು ಕೆಂಪಗೆ ಊದಿ, ಹೊದಿಕೆ ತಾಗಿದರೂ ಚೀರುವಂತಾದರೆ ಅದು ಗೌಟ್ ಇರಬಹುದು. ಯೂರಿಕ್ ಆಸಿಡ್ ಹರಳುಗಟ್ಟಿ ಕೀಲಿನಲ್ಲಿ ಕೂರುವುದೇ ಇದಕ್ಕೆ ಕಾರಣ. ವಿಚಿತ್ರ ಅಂದರೆ ನೋವು ಜೋರಾಗಿರುವಾಗ ರಕ್ತದಲ್ಲಿ ಯೂರಿಕ್ ಆಸಿಡ್ ನಾರ್ಮಲ್ ತೋರಿಸಬಹುದು. ನಮ್ಮಲ್ಲಿ ಗೌಟ್ ಅಂದ ಕೂಡಲೇ ಬೇಳೆ, ಟೊಮೆಟೊ, ಪಾಲಕ್ ಬಿಡಿಸುತ್ತಾರೆ. ನಿಜವಾಗಿ ಕಡಿಮೆ ಮಾಡಬೇಕಾದ್ದು ಬಿಯರ್ ಮತ್ತಿತರ ಮದ್ಯ, ಲಿವರ್‌ನಂಥ ಮಾಂಸ, ಸಕ್ಕರೆ ತುಂಬಿದ ತಂಪು ಪಾನೀಯ.

ಚಿಕೂನ್‌ಗುನ್ಯಾ ನೆನಪಿದೆಯಾ? 2006ರಲ್ಲಿ ಕರ್ನಾಟಕದ ಊರೂರುಗಳಲ್ಲಿ ಜನ ಬಗ್ಗಿಕೊಂಡೇ ನಡೆದ ವರ್ಷ. ಜ್ವರ ವಾರದಲ್ಲಿ ಇಳಿದರೂ ಕೀಲು ನೋವು ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ, ರುಮಟಾಯ್ಡ್ ಥರವೇ ಕಾಣುತ್ತದೆ. ಹಾಗಾಗಿ ಇತ್ತೀಚೆಗೆ ಜ್ವರ ಬಂದಿದ್ದರೆ ಡಾಕ್ಟರಿಗೆ ಹೇಳಲು ಮರೆಯಬೇಡಿ. ಇನ್ನು ಚಿಕ್ಕ ವಯಸ್ಸಿನವರಿಗೆ ಬೆನ್ನಿನ ಕೆಳಭಾಗ ಮಲಗಿದಾಗ ನೋಯುವುದು, ಓಡಾಡಿದರೆ ಹಗುರಾಗುವುದು ಆ್ಯಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಬೆನ್ನುಮೂಳೆಯ ವಾತ ಇರಬಹುದು. ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆ ಇರುವವರ ಕೀಲು ನೋವೂ ಬೇರೆಯದೇ ಬಗೆ. ಜ್ವರದ ಜೊತೆ ಒಂದೇ ಕೀಲು ಬಿಸಿಯಾಗಿ ಊದಿಕೊಂಡರೆ ಕೀವಿನ ಸೋಂಕು ಇರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಅಮ್ಮನ ಮಾತ್ರೆಗೆ ಬರೋಣ. ನೋವಿನ ಮಾತ್ರೆ ನಿಮ್ಮ ನೋವನ್ನೂ ಇಳಿಸುತ್ತದೆ. ತೊಂದರೆ ಇರುವುದು ಅಲ್ಲೇ. ನೋವು ಅಡಗಿದಾಗಲೂ ಒಳಗೆ ಮೂಳೆ ಕೊರೆಯುವುದು ನಿಲ್ಲುವುದಿಲ್ಲ. ಮೊದಲ ಒಂದೆರಡು ವರ್ಷದಲ್ಲೇ ಕೀಲು ಕೆಡಲು ಶುರುವಾಗುತ್ತದೆ, ಕೆಟ್ಟದ್ದು ಮತ್ತೆ ಸರಿಯಾಗುವುದಿಲ್ಲ. ಡಾಕ್ಟರನ್ನು ಕೇಳದೆ ನೋವಿನ ಮಾತ್ರೆಯನ್ನೇ ದಿನಾ ನುಂಗಿದರೆ ಹೊಟ್ಟೆಗೂ ಕಿಡ್ನಿಗೂ ಪೆಟ್ಟು. ಹೆಸರಿಲ್ಲದ ‘ವಾತದ ಪುಡಿ’ಗಳನ್ನಂತೂ ಮುಟ್ಟಬೇಡಿ. ಅಂಥ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಯಲ್ಲಿ ಸಿಕ್ಕಿದೆ.

ರುಮಟಾಯ್ಡ್ ಅಂತ ಖಚಿತವಾದರೆ ಸಾಮಾನ್ಯವಾಗಿ ಮೊದಲು ಕೊಡುವುದು ಮೆಥೊಟ್ರೆಕ್ಸೇಟ್. ಕಾಯಿಲೆಯ ಬೇರಿಗೇ ಕೈ ಹಾಕುವ ಔಷಧ ಇದು, ಪರಿಣಾಮ ಕಾಣಲು ಕೆಲವು ವಾರ ಬೇಕು. ಇದನ್ನು ತೆಗೆದುಕೊಳ್ಳುವುದು ವಾರಕ್ಕೆ ಒಂದೇ ದಿನ. ದಿನಾ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ. ವಾರದ ಯಾವ ದಿನ ಅಂತ ಚೀಟಿಯಲ್ಲೂ ಡಬ್ಬಿಯ ಮೇಲೂ ಬರೆಸಿಕೊಳ್ಳಿ. ಜೊತೆಗೆ ಫೋಲಿಕ್ ಆಸಿಡ್ ಎಂಬ ವಿಟಮಿನ್ ಮಾತ್ರೆ ಕೊಡುತ್ತಾರೆ, ಆಗಾಗ ರಕ್ತ ಪರೀಕ್ಷೆಯೂ ಇರುತ್ತದೆ. ಮಗು ಬೇಕೆಂಬ ಯೋಚನೆ ಇದ್ದರೆ ಮೊದಲ ಭೇಟಿಯಲ್ಲೇ ಹೇಳಿ. ಬಸಿರಿನಲ್ಲಿ ಈ ಔಷಧ ಕೂಡದು, ಬೇರೆ ದಾರಿಗಳಿವೆ.

ತೋರಿಸಲು ಹೋಗುವ ಮುಂಚೆ ಒಂದು ಕೆಲಸ ಮಾಡಿ. ಬೆಳಿಗ್ಗೆ ಎದ್ದ ತಕ್ಷಣ ಎರಡೂ ಕೈಯ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಸಂಜೆ ನಿಮ್ಮ ಸರದಿ ಬರುವ ಹೊತ್ತಿಗೆ ಊತ ಇಳಿದಿರಬಹುದು.